ಗೌಳಿ ದಡ್ಡಿಗೆ ಕಳಿಸಿದ ಹುಡಿಗಿ

ಸೋಮವಾರ ಮುಂಜಾನೆ ಬಸ್ ಹತ್ತಿ ಕಂಡಕ್ಟರಗ "ರಾಯಾಪುರ" ಅಂತ ಹೇಳೂವಾಗ ನನ್ನ ಧ್ವನಿ ಗೊಗ್ಗರ ಬರತೈತಿ. ಥಂಡಿ ಆಗಿಲ್ಲ, ಗಂಟಲ ಬ್ಯಾನಿನೂ ಇಲ್ಲ. ಶನಿವಾರ ಮಧ್ಯಾಹ್ನ ಮನಿಗೆ ಬಂದು ಚಪ್ಪಲಿ ಬಿಟ್ಟಾಗಿನಿಂದ ಬಾಯಿ ಬಿಟ್ಟು ಮಾತಾಡಿರೂದಿಲ್ಲ, ಅಷ್ಟ. "ಎಲ್ಲಿಗ್ರೀ?" ಅಂತ ಅಂವ ಮತ್ತೊಮ್ಮೆ ಕೇಳತಾನ. ನನಗ ಸಿಟ್ಟು ನೆತ್ತಿಗೇರತೈತಿ. ಕಿವಿ ಕೇಳೂದಿಲ್ಲೇನಪಾ ಅಂತ ಬೈತೇನಿ. ಅಂವನ ತಪ್ಪೇನಿಲ್ಲ ಅನ್ನೂದು ನನಗೂ ಗೊತ್ತೈತಿ.

ನಾ ನರ್ಸಿಂಗ್ ಕಲಿಸಿದಾಕಿ. ನೌಕರಿ ಮುಗಿದ ಮ್ಯಾಲ ರಾಯಾಪುರದಾಗಿನ ಒಂದು ತರಬೇತಿ ಕೇಂದ್ರದವರು ಬರತೀರೇನು ಅಂತ ಕೇಳಿದ್ರು. ಮನ್ಯಾಗ ಕುಂತು ಗ್ವಾಡಿ ನೋಡೂದಕ್ಕಿಂತ ಛಲೋ ಅಂತ ಹೂಂ ಅಂದೆ. ಕಲಘಟಗಿ, ಹಳಿಯಾಳ, ಯಲ್ಲಾಪುರ ಕಡೆ ಅಡವಿಯೊಳಗ ಗೌಳೇರು, ಸಿದ್ದೇರು ಇರೂ ಸಣ್ಣ ಸಣ್ಣ ಊರಿಂದ ಅಲ್ಲಿಗೆ ಹುಡಿಗ್ಯಾರು ಬರತಾರ. ಬಿಪಿ ನೋಡೂದು, ಬಸರು ಹೆಂಗಸಿನ ಹೊಟ್ಟಿ ನೋಡೂದು, ಕೂಸಿನ ತೂಕ ನೋಡೂದು, ಯಾವಾಗ ಎಲ್ಲಾ ಬಿಟ್ಟು ದವಾಖಾನಿಗೆ ಓಡಬೇಕು ಅನ್ನೂದು, ಇದನ್ನೆಲ್ಲಾ ಕಲಿಸಿ ತಿರುಗಿ ಅವರವರ ಊರಿಗೆ ಕಳಿಸತೇವಿ. ಡಾಕ್ಟರು ಮುಟ್ಟಲಾರದ ಜಾಗಾಕ್ಕ ಆ ಊರಿನ ಮಗಳಾದ್ರೂ ಮುಟ್ಟಲಿ ಅನ್ನೂದು ಇದರ ಹಿಂದಿನ ಆಸೆ.

ನಾ ಭಾಳ ಬೈತೇನಿ. ಕೈ ಸರಿ ತೊಳೀಲಿಲ್ಲಂದ್ರ ಬೈತೇನಿ, ಬಿಪಿ ಪಟ್ಟಿ ಸಡಿಲ ಕಟ್ಟಿದ್ರ ಬೈತೇನಿ, ಹಿಂದ ಕುಂತು ಕಿಸಿಕಿಸಿ ನಕ್ಕರಂತೂ ಮುಗೀತು. ಅವರು ನನಗ ಏನೋ ಒಂದು ಹೆಸರ ಇಟ್ಟಾರ, ಅದೂ ಗೊತ್ತೈತಿ. ಇಟ್ಕೊಳ್ಳಿ ಬಿಡ್ರಿ. ನನಗ ಸಂಕಟ ಆಗೂದು ಬ್ಯಾರೆ. ನಾ ಛಲೋ ಕಲಿಸಿದಷ್ಟೂ ಅವರು ಲಗೂ ಕಲೀತಾರ, ಕಲತಷ್ಟೂ ಲಗೂ ಹೋಗತಾರ. ಕಡೀ ದಿನ ಎಲ್ಲಾರೂ ಒಬ್ಬರಿಗೊಬ್ಬರು ತೆಕ್ಕಿಬಿದ್ದು ಅತ್ತು, ಗಂಟುಮೂಟಿ ಹೊತ್ಕೊಂಡು ಬಸ್ ಸ್ಟ್ಯಾಂಡಿಗೆ ಓಡತಾರ. ನಾ ಪಂಖಾ ಬಂದ್ ಮಾಡಿ, ಕಿಡಕಿ ಹಾಕಿ, ಕೀಲಿ ಜಡದು ಬರತೇನಿ.

ಹುಬ್ಬಳ್ಳಿ ವಿದ್ಯಾನಗರದಾಗ ಮಾಳಗಿ ಮ್ಯಾಲ ಎರಡು ಖೋಲಿ ನಂದು. ಲಗ್ನ ಆಗಲಿಲ್ಲ. ಯಾಕಾಗಲಿಲ್ಲ ಅಂತ ಕೇಳೂ ಮಂದಿನೂ ಈಗ ಯಾರೂ ಉಳಿದಿಲ್ಲ. ಹಿಂಗ ಒಬ್ಬಾಕಿನ ಇರೂ ಹೆಂಗಸಿಗೆ ಒಂದು ಚಟ ಹತ್ತತೈತಿ, ಯಾರ ಕಡೆನೂ ಏನೂ ಕೇಳಬಾರದು ಅನ್ನೂದು. ನನ್ನ ಕೆಂಪು ಚೀಲದಾಗ ನೀರಿನ ಬಾಟ್ಲಿ, ಚಪಾತಿ ಡಬ್ಬಿ, ಗುಳಿಗಿ, ಛತ್ರಿ, ಕಡೀಕೆ ಸೂಜಿ ದಾರ ಸುದ್ದಾ ಇರತಾವ. ಹುಡಿಗ್ಯಾರನ್ನ ರೂಢಿಗೆ ಅಂತ ಗಬ್ಬೂರ ಕಡೆ ಮನಿ ಮನಿಗೆ ಕರಕೊಂಡು ಹೋಗತಿದ್ದೆ. ಅಲ್ಲಿ ಹೆಣ್ಮಕ್ಕಳು "ಬಾಯಾರ, ಚಹಾ ಕುಡೀರಿ" ಅಂತ ಕರದ್ರ, "ಬ್ಯಾಡವಾ, ನಂದು ಐತಿ" ಅಂತ ಚೀಲ ತೋರಸ್ತಿದ್ದೆ. ಅವರಿಗೆ ತ್ರಾಸ ಕೊಡಬಾರದು ಅನ್ನೂದಷ್ಟ ನನ್ನ ತಲ್ಯಾಗ ಇದ್ದದ್ದು.

ಆ ಸಲ ಬಂದ ಹುಡಿಗ್ಯಾರೊಳಗ ಕಲಘಟಗಿಯಿಂದ ಆಚೆ ಒಂದು ಗೌಳಿ ದಡ್ಡಿಯಾಕಿ ಒಬ್ಬಾಕಿ ಇದ್ಲು. ದಡ್ಡಿ ಅಂದ್ರ ಅಡವಿ ಅಂಚಿನಾಗ ಎಮ್ಮಿ ಕಟ್ಕೊಂಡು ಗೌಳೇರು ಇರೂ ಹತ್ತಾರು ಮನಿ. ಆಕಿಗೆ ಮಾತ ಕಮ್ಮಿ, ಕಣ್ಣ ಚುರುಕು. ಉಳಿದವರೆಲ್ಲಾ ಊಟಕ್ಕ ಗುಂಪಾಗಿ ಕುಂತ್ರ, ಈಕಿ ತನ್ನ ರೊಟ್ಟಿ ಗಂಟು ತಗೊಂಡು ನನ್ನ ಮೇಜಿನ ಬಾಜೂಕ ಬಂದು ಕುಂದರತಿದ್ಲು. ಮಾತಿಲ್ಲ ಕತಿಯಿಲ್ಲ, ಇಬ್ಬರೂ ಉಣ್ಣೂದು, ಎದ್ದು ಹೋಗೂದು. ಮೊದಮೊದಲು "ಏನವಾ, ನಿನ್ನ ಓರಗಿಯವರು ಅಲ್ಲೆ ಅದಾರ, ಇಲ್ಲೇನ ಐತಿ ನಿಂದು?" ಅಂತ ಗದರಿಸ್ತಿದ್ದೆ. ಆಮ್ಯಾಲ ಆಕಿ ಬರೂದು ತಡಾ ಆದ್ರ ನಾನ ಡಬ್ಬಿ ತಗೀದ ಕಾಯತಿದ್ದೆ. ಕಡೀ ದಿನ ನೋಡತೇನಿ, ದುರ್ಗದಬೈಲ ಪ್ಯಾಟಿಗೆ ಹೋಗಿ ನನ್ನಂಥಾದ ಒಂದು ಕೆಂಪು ಚೀಲಾ ತಂದಾಳ! ಒಳಗೊಳಗ ಖುಷಿ ಆತು, ಸುಳ್ಳ ಯಾಕ ಹೇಳ್ಲಿ. ಕಾಲ ಮುಟ್ಟಾಕ ಬಂದಾಗ ಮಾತ್ರ "ಸಾಕ ಸಾಕ, ಬಸ್ ತಪ್ಪೀತು, ನಡಿ" ಅಂತ ಮಾರಿ ತಿರುಗಿಸಿಬಿಟ್ಟೆ.

ಆಕಿ ಊರಿಗೆ ಹೋಗಿ ಮೂರ್ನಾಕು ತಿಂಗಳಾಗಿತ್ತು, ಮಳಿ ಜೋರ ಹಿಡಿದಿತ್ತು. ಹೊಸಾ ಹುಡಿಗ್ಯಾರಿಗೆ ಪಾಠ ಮಾಡಾಕತ್ತಿದ್ದೆ, ಆಕಿ ಫೋನ್ ಬಂತು.

"ಬಾಯಾರ, ನಮ್ಮ ವೈನಿಗೆ ಬಿಪಿ ಭಾಳ ಬರಾಕತ್ತೈತ್ರಿ. ಕಾಲು ಬಾತಾವು, ಮಾರಿನೂ ಬಾತೈತ್ರಿ. ತಲಿ ಸಿಡೀತೈತಿ ಅಂತಾಳ."

ವೈನಿ ಅಂದ್ರ ಆಕಿ ಕಾಕಾ-ಕಾಕುನ ಸೊಸಿ, ಅವರ ಮಗನ ಹೆಂಡತಿ. ಬಸರಿ, ಎಂಟು ತಿಂಗಳ ತುಂಬಿತ್ತು ಆಕಿಗೆ. ಹಿಂದಿನ ಸಲ ಬ್ಯಾನಿ ತಿನ್ನೂವಾಗ ಮನ್ಯಾಗನ ಮೂರ್ಛಿ ಬಂದು, ಕೂಸು ಹೋಗಿ, ತಾಯಿ ಹೆಂಗೋ ಉಳಿದಿದ್ಲು. ಇದನ್ನೆಲ್ಲಾ ಹುಡಿಗಿ ತರಬೇತಿಗೆ ಬಂದಾಗ ಹೇಳಿದ್ಲು. ಈ ಸಲ ಹಂಗಾದ್ರ ತಾಯಿನೂ ಉಳಿಯೂದಿಲ್ಲ.

"ಮತ್ತ ಕುಂತೀಯೇನು ಅಲ್ಲೆ? ಹುಬ್ಬಳ್ಳಿಗೆ ಕರಕೊಂಡ ಬಾ!"

"ಹತ್ತರದ ದವಾಖಾನಿಯವರೂ ಹುಬ್ಬಳ್ಳಿಗೇ ಒಯ್ರಿ ಅಂದಾರ್ರೀ. ಆದ್ರ ಕಾಕು ಬಿಡವಲ್ಲಳು. ನನ್ನ ಜೋಡಿ ಮಾತಾಡೂದ ಬಿಟ್ಟಾಳ್ರಿ. ಕಾಕು ಒಬ್ಬಾಕಿ ಅಲ್ರಿ, ವೈನಿ ಬಿಟ್ರ ಯಾರೂ ಮಾತಾಡವಲ್ಲರು. ನಾ ಹೋದ್ರ ಬಾಗಿಲಾ ಮುಂದ ಮಾಡತಾರ." ಆಕಿ ಅಳಾಕತ್ಲು.

ನನ್ನ ತಲಿ ಮೊಸರಗಡಿಗಿ ಆತು. ಏನ ಮಾಡಿದಿ, ಯಾರಿಗೇನರ ಅಂದೇನು ಅಂತ ಕೇಳಿದೆ. ಏನೂ ಅಂದಿಲ್ರಿ, ಕಲಿಸಿದ್ದೆಲ್ಲಾ ಹಂಗ ಮಾಡಾಕತ್ತೇನ್ರಿ ಅಂದ್ಲು. ಫೋನಿನಾಗ ಇದು ಬಗಿಹರಿಯೂದಲ್ಲ ಅನಿಸ್ತು. ಪಾಠಾ ಬ್ಯಾರೆಯವರಿಗೆ ಒಪ್ಪಿಸಿ, ಮರುದಿನ ಮುಂಜಾನೆ ಕಲಘಟಗಿ ಬಸ್ ಹತ್ತಿದೆ. ಅಲ್ಲಿಂದ ಒಂದು ಟೆಂಪೋ, ಟೆಂಪೋ ಬಿಟ್ಟಲ್ಲಿಂದ ಕಾಲದಾರಿ. ಜಿಗಟ ರಾಡಿ. ಒಂದು ಕಡೆ ಚಪ್ಪಲಿ ಸಿಕ್ಕು ಕಿತ್ತು ಹೋತು. ಈ ವಯಸ್ಸಿನಾಗ ಇದೆಲ್ಲಾ ಬೇಕಿತ್ತೇನ ನಿನಗ ಅಂತ ನನ್ನ ನಾನ ಬೈಕೋತ ನಡದೆ.

ಹುಡಿಗಿ ಅರ್ಧಾ ದಾರಿಗೆ ಬಂದು ನಿಂತಿದ್ಲು, ಬಗಲಾಗ ಕೆಂಪು ಚೀಲ. ಮಾರಿ ಇಷ್ಟ ಸಣ್ಣದಾಗಿತ್ತು. ತನ್ನ ಹುಟ್ಟಿದ ಊರಾಗ ಯಾರೂ ಮಾತಾಡಸಲಾರದ ಇರೂದು ಹೆಂಗಿರತೈತಿ ಅನ್ನೂದು ಆಕಿ ಮಾರಿ ಮ್ಯಾಲನ ಇತ್ತು. ಆ ಮಾರಿ ನಾ ದಿನಾ ಕನ್ನಡ್ಯಾಗ ನೋಡತೇನಿ. ಆದ್ರ ಆಕಿಗೆ ಇನ್ನಾ ಇಪ್ಪತ್ತೂ ದಾಟಿದ್ದಿಲ್ಲ.

ಕಾಕುನ ಮನಿ ಮುಂದ ಕಟ್ಟಿ ಮ್ಯಾಲ ನಮ್ಮನ್ನ ಕುಂದರಿಸಿದ್ರು. ಬಾಗಿಲದ ಒಳಗ ಆ ವೈನಿ ಗ್ವಾಡಿಗೆ ಆತು ಕುಂತಿದ್ಲು. ಕಾಲು ನೋಡಿದ ಕೂಡಲೇ ನನಗ ಗೊತ್ತಾತು, ಇದು ತಡಾ ಮಾಡೂ ಮಾತಲ್ಲ. ಕಾಕು ಅನ್ನೂ ಹೆಂಗಸು ನನ್ನ ವಯಸ್ಸಿನಾಕಿನ, ಬಿರಸ ಕೈ, ಬಿರಸ ಮಾರಿ. ಬಾ ಅನ್ನಲಿಲ್ಲ, ಯಾಕ ಬಂದಿ ಅನ್ನಲಿಲ್ಲ. ಒಳಗ ಹೋಗಿ ಒಂದು ತಂಬಿಗಿ ನೀರು, ಎರಡು ವಾಟೆದಾಗ ಹಾಲು ತಂದು ನಮ್ಮ ಮುಂದ ಇಟ್ಟು, ಕೈ ಕಟ್ಕೊಂಡು ನಿಂತ್ಲು.

ದಾರಿ ನಡದು ನನಗ ಗಂಟಲಾ ಒಣಗಿತ್ತು. "ಇರಲಿ ಬಿಡವಾ, ನಂದು ಐತಿ" ಅಂತ ಚೀಲಕ್ಕ ಕೈ ಹಾಕಿ ಬಾಟ್ಲಿ ತಗದೆ.

ಕಾಕುನ ಮಾರಿ ಗಂಟ ಹಾಕ್ಕೊಂತು. ಆಕಿ ನನ್ನ ನೋಡಲಿಲ್ಲ, ನನ್ನ ಬಾಜೂಕ ನೋಡಿದ್ಲು. ನಾನೂ ಹೊಳ್ಳಿ ನೋಡಿದೆ. ಹುಡಿಗಿ ತನ್ನ ಕೆಂಪು ಚೀಲದಿಂದ ತನ್ನ ಬಾಟ್ಲಿ ತಗದಿದ್ಲು. ನನ್ನಂಗ ಮುಚ್ಚಳಾ ತಿರುವಿ, ನನ್ನಂಗ ತಲಿ ಎತ್ತಿ, ತುಟಿಗೆ ಹಚ್ಚದ ಕುಡಿಯಾಕತ್ತಿದ್ಲು.

"ನೋಡಿದ್ರಿ?" ಅಂದ್ಲು ಕಾಕು. "ನಿಮ್ಮಲ್ಲೆ ಕಲತು ಬಂದಾಗಿನಿಂದ ಹಿಂಗ. ಯಾರ ಮನಿಗೆ ಹೋದ್ರೂ ನೀರು ಮುಟ್ಟೂದಿಲ್ಲ, ಹಾಲು ಮುಟ್ಟೂದಿಲ್ಲ. ನಮ್ಮೊಳಗ ಬಂದವರು ಕೊಟ್ಟದ್ದು ಕುಡದ ಮ್ಯಾಲ ಮಾತು. ಕುಡೀಲಾರದವರ ಜೋಡಿ ಮನಿ ಸುದ್ದಿ ಆಡೂದಿಲ್ಲ. ನಮ್ಮ ಹಾಲು ಪ್ಯಾಟಿ ಮಂದಿ ಎಲ್ಲಾರೂ ಕುಡೀತಾರ. ಆದ್ರ ಇಲ್ಲಿಗೆ ಬಂದ್ರ ಅಂಗಳದಾಗ ನಿಂತು ಮೂಗು ಮುಚ್ಚಿಕೊಂಡು ಹೋಗತಾರ. ಅದು ನಮಗ ರೂಢಿ ಆಗೈತಿ. ಆದ್ರ ಈಕಿ ನಮ್ಮ ಮನ್ಯಾಗ ಹುಟ್ಟಿದಾಕಿ. ಈಕಿಗೂ ನಮ್ಮ ನೀರು ಹೊಲಸಾತೇನು?"

"ಹಂಗಲ್ಲ ಕಾಕು..." ಹುಡಿಗಿ ಗಡಬಡಿಸಿದ್ಲು.

"ಹೆಂಗ ಮತ್ತ? ನನ್ನ ಕೈಯಾನ ನೀರು ಒಲ್ಲದಾಕಿ ಕೈಯಾಗ ನನ್ನ ಸೊಸಿನ ಹೆಂಗ ಕೊಡ್ಲಿ?"

ನನಗ ಸಿಟ್ಟು ಬಂತು. ಯಾರ ಮ್ಯಾಲ ಅಂತ ತಿಳೀಲಾರದ ಹುಡಿಗಿ ಮ್ಯಾಲ ಹಾರಿಬಿದ್ದೆ. "ಹುಚ್ಚಿ, ಇದನ್ಯಾರ ಕಲಿಸಿದ್ರು ನಿನಗ? ನಾ ಯಾವಾಗರ ಹೇಳೇನೇನು ಹಿಂಗ ಮಾಡು ಅಂತ?"

"ಹೇಳಿಲ್ರಿ ಬಾಯಾರ. ಆದ್ರ ನೀವು ಯಾರ ಮನ್ಯಾಗೂ ಏನೂ ತಗೊಳ್ಳೂದಿಲ್ಲಲ್ರಿ. ಗಬ್ಬೂರದಾಗ ನೋಡೇನಲ್ರಿ. ನರ್ಸ್ ಅಂದ್ರ ಹಂಗ ಇರಬೇಕು, ಅದನ ಸ್ವಚ್ಛತಾ ಅಂತ ತಿಳದೆ. ನಿಮ್ಮಂಗ ಆಗಬೇಕು ಅಂತ..."

ನನ್ನಂಗ ಆಗಬೇಕಂತ! ಇಡೀ ಜಗತ್ತಿನಾಗ ನನ್ನಂಗ ಆಗಬೇಕು ಅಂದಾಕಿ ಈಕಿ ಒಬ್ಬಾಕಿ, ಆಗೂದನ್ನೂ ಆಗಿಬಿಟ್ಟಿದ್ಲು. ಊರ ತುಂಬ ಮಂದಿ ಇದ್ರೂ ಮಾತಿಗೊಬ್ಬರಿಲ್ಲ.

ಬಾಟ್ಲಿ ಚೀಲದಾಗ ತುರುಕಿದೆ. ಕಾಕುಗ ಖರೇ ಹೇಳಿಬಿಟ್ಟೆ. ಯಾರ ಮುಂದೂ ಹೇಳದ್ದು ಅದು. "ತಂಗೀ, ನಿಮ್ಮ ನೀರು ಹೊಲಸು ಅಂತಲ್ಲವಾ. ನನಗ ಕೇಳಿ ತಗೊಳ್ಳೂದು ಬರೂದಿಲ್ಲ. ಒಬ್ಬಾಕಿನ ಅದೇನಿ. ಒಂದ ವಾಟೆ ನೀರು ಕೊಡು ಅನ್ನಾಕ ಮನ್ಯಾಗ ಯಾರೂ ಇಲ್ಲ. ಇದ್ದು ಇದ್ದು ಹಿಂಗ ಆಗೇನಿ. ಈ ಹುಚ್ಚಿ ಅದನ್ನ ನೋಡಿ ಕಲತಾಳ. ಸಿಟ್ಟಿದ್ರ ನನ್ನ ಮ್ಯಾಲ ಮಾಡು, ನಿನ್ನ ಸೊಸಿ ಜೀವದ ಮ್ಯಾಲ ಮಾಡಬ್ಯಾಡ."

ಹೇಳಿ ಮುಗಿಸೂದ್ರಾಗ ನನ್ನ ಕಣ್ಣ ತುಂಬಿದ್ವು. ನಾಚಿಕಿ ಆತು. ಕಾಕು ಹಾಲಿನ ವಾಟೆ ಎತ್ತಿ ನನ್ನ ಕೈಯಾಗ ಇಟ್ಲು.

"ಯಾರೂ ಇಲ್ಲ?"

"ಯಾರೂ ಇಲ್ಲ."

"ಕುಡಿ," ಅಂದ್ಲು.

ಕುಡದೆ. ಹುಡಿಗಿನೂ ಕುಡದ್ಲು, ಗಟಗಟ, ಮೀಸಿ ಮೂಡೂ ಹಂಗ. ಒಳಗಿನಿಂದ ಆ ವೈನಿ ಇಂಥಾ ತಲಿಶೂಲಿಯೊಳಗೂ ಫಕ್ಕನ ನಕ್ಕಳು. ಆಗ ಕಾಕು ನನ್ನ ಬಾಜೂಕ ಕುಂತು ಮಾತಿಗೆ ಶುರು ಮಾಡಿದ್ಲು. ಹಿಂದಿನ ಸಲದ ಸತ್ತ ಕೂಸಿನ ಸುದ್ದಿ, ಅದರ ಕೈ ಹೆಂಗಿದ್ವು ಅನ್ನೂದು, ಮಗಾ ಹದಿನೈದು ದಿನಾ ಎಮ್ಮಿ ಹತ್ರ ಹೋಗಲಿಲ್ಲ ಅನ್ನೂದು. ಆಕಿಗೂ ಅಂಜಿಕಿನ ಇತ್ತು. ಹುಬ್ಬಳ್ಳಿ ಅಂದ್ರ ದೊಡ್ಡ ಊರು, ದವಾಖಾನಿಯವರು ಹತ್ರನ ಇರ್ರಿ ಅಂತಾರ, ಎಲ್ಲಿ ಇರೂದು, ಯಾರ ಅದಾರ ಅಲ್ಲೆ ನಮಗ ಅಂತ ಕೇಳಿದ್ಲು.

"ನಾ ಇಲ್ಲೇನು?" ಅಂತ ನನ್ನ ಬಾಯಿ ಅಂತು. ಮನಸ್ಸಿಗೆ ಕೇಳಿ ಅಂದ ಮಾತಲ್ಲ ಅದು.

"ಹಂಗಾರ ನಿನ್ನ ಮನ್ಯಾಗ ಇರತೇವಿ. ನೀ ನಮ್ಮ ಮನ್ಯಾಗ ಕುಡದೀ, ನಾವು ನಿನ್ನ ಮನ್ಯಾಗ ಉಣತೇವಿ. ಆತಿಲ್ಲ?" ಅಂದಾಕಿನ ಎದ್ದು, ಮಗನ್ನ ಕೂಗಿ, ಗಾಡಿ ಹೇಳಿ ಬಾ ಅಂದ್ಲು. ಅದ ದಿನಾ ಹೊಂಟ್ವಿ. ದಾರಿ ತುಂಬ ಹುಡಿಗಿ ಆ ವೈನಿ ತಲಿ ತನ್ನ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ಲು. ಘಳಿಗಿಗೊಮ್ಮೆ ಬಿಪಿ ನೋಡತಿದ್ಲು, ಕಣ್ಣ ಮಂಜ ಆಗತಾವೇನು ಅಂತ ಕೇಳತಿದ್ಲು. ನಾ ಒಂದು ಮಾತೂ ಹೇಳಿ ಕೊಡಬೇಕಾಗಲಿಲ್ಲ.

ದವಾಖಾನ್ಯಾಗ ಇಟ್ಕೊಂಡು ಬಿಪಿ ಇಳಿಸಿದ್ರು. ಆಮ್ಯಾಲ ಗುಳಿಗಿ ಕೊಟ್ಟು, ಊರಿಗೆ ಮಾತ್ರ ಹೋಗಬ್ಯಾಡ್ರಿ, ದಿನಾ ಬಂದು ತೋರಸ್ರಿ ಅಂದ್ರು. ಅವರೆಲ್ಲಾ ನನ್ನ ಎರಡು ಖೋಲಿಗೆ ಬಂದ್ರು. ಯಪ್ಪಾ, ಏನ ಹೇಳ್ಲಿ! ಕಾಕು ಬಂದ ದಿನಾನ ನನ್ನ ಅಡಗಿಮನಿ ಜಾಲಾಡಿಸಿ, "ಒಂದ ತಾಟು, ಒಂದ ವಾಟೆ, ಇದೇನ ಮನಿಯೋ ಜೈಲೋ?" ಅಂದ್ಲು. ನನ್ನ ಚಹಾ ಕುಡದು, ಹಾಲಿಗೆ ಇಷ್ಟ ನೀರು ಹಾಕಿದಾವನ್ನ ಕಟ್ಟಿ ಹೊಡೀಬೇಕು ಅಂದ್ಲು. ಮಗಾ ನಾಚಿಕಿಂದ ಮೆಟ್ಟಲ ಮ್ಯಾಲನ ಮಲಗತಿದ್ದ. ಹುಡಿಗಿ ಆ ವೈನಿ ಕಾಲು ಒತ್ತಕೋತ ಅದೇನೇನೋ ಹೇಳಿ ನಗಸ್ತಿದ್ಲು. ಈಕಿಗೆ ಇಷ್ಟ ಮಾತ ಬರತಿದ್ವೇನು ಅಂತ ನಾ ಬಾಯಿ ತಕ್ಕೊಂಡು ನೋಡತಿದ್ದೆ. ನನ್ನ ಹಾಸಿಗಿ ಹೋತು, ನಿದ್ದಿ ಹೋತು, ಬಚ್ಚಲಕ್ಕ ಪಾಳಿ ಹಚ್ಚಬೇಕಾತು. ಎಲ್ಲಾರನ್ನೂ ಬೈಕೋತನ ಇದ್ದೆ. ಅಂಥಾ ಸುಖಾ ನಾ ಉಂಡಿದ್ದ ಇಲ್ಲ.

ಒಂದು ಮಧ್ಯಾಹ್ನ ಬಿಪಿ ಮತ್ತ ಏರಿತು, ದವಾಖಾನಿಗೆ ಓಡಿದ್ವಿ. ಇನ್ನ ಕಾಯೂದು ಬ್ಯಾಡ ಅಂತ ಡಾಕ್ಟರು ಆಪರೇಶನ್ನಿಗೆ ಒಯ್ದ್ರು. ಕಾಕು, ಮಗಾ, ಹುಡಿಗಿ ಬಾಗಿಲದ ಮುಂದ ನಿಂತ್ರು. ನಾ ನಾಕ್ಹೆಜ್ಜಿ ಹಿಂದ ಗ್ವಾಡಿಗೆ ಆತು ನಿಂತೆ. ಇಂಥಾ ಬಾಗಿಲದ ಒಳಗ ಎಷ್ಟೋ ವರ್ಷ ದುಡದಾಕಿ ನಾನು, ಹೊರಗ ಹೆಂಗ ನಿಂದರಬೇಕು ಅನ್ನೂದು ಗೊತ್ತಿದ್ದಿಲ್ಲ. ಕಾಕುನ ಸೊಸಿಗೆ ಏನರ ಆದ್ರ, ನಾ ಕರಕೊಂಡು ಬಂದದ್ದಕ್ಕ ಆದಂಗ.

ಬಾಗಿಲಾ ತಗೀತು. ಒಬ್ಬಾಕಿ ಸಣ್ಣ ಸಿಸ್ಟರು ಬಟ್ಟ್ಯಾಗ ಸುತ್ತಿದ ಕೂಸು ಹಿಡಕೊಂಡು ಬಂದು, "ಹೆಣ್ಣು, ಇಬ್ಬರೂ ಆರಾಮ ಅದಾರ. ಇವರ ಕಡೆಯವರು ಯಾರ್ರಿ?" ಅಂದ್ಲು.

ಮಗಾ ನಿಂತಲ್ಲೆ ಕುಸದು ಅಳಾಕತ್ತಿದ್ದ. ಕಾಕು ಮುಂದ ಹೋಗಲಿಲ್ಲ. ಹಿಂದಕ್ಕ ಬಂದು ನನ್ನ ರಟ್ಟಿ ಹಿಡದು ಎಳದು, "ಹೋಗ, ನೀ ತಗೋ" ಅಂತ ದೂಡಿದ್ಲು.

ಸಿಸ್ಟರು ನನ್ನ ಮ್ಯಾಲಿಂದ ಕೆಳಗ ನೋಡಿ, "ನೀವು ಏನಾಗಬೇಕ್ರಿ ಇವರಿಗೆ?" ಅಂತ ಕೇಳಿದ್ಲು.

ಏನಂತ ಹೇಳ್ಲಿ? ಟೀಚರು ಅನ್ಲೇನು, ಪರಿಚಯದಾಕಿ ಅನ್ಲೇನು?

"ನಮ್ಮಾಕಿ," ಅಂದ್ಲು ಕಾಕು ಹಿಂದಿನಿಂದ. "ಕೊಡವಾ ಲಗೂ, ಏನ ಕೇಳತೀ ಅಷ್ಟ?"

ಕೂಸು ಕೈಯಾಗ ಬಂತು. ನಾ ಅಲ್ಲೆ, ಎಲ್ಲಾರ ಮುಂದ, ಹೋ ಅಂತ ಅತ್ತೆ. ಕೂಸು ಸುಮ್ನ ಇತ್ತು, ನಂದ ಧ್ವನಿ ದೊಡ್ಡದಾಗಿತ್ತು. "ಇಷ್ಟ ವಯಸ್ಸಾಗೈತಿ, ಸ್ವಲ್ಪ ಸಮಾಧಾನ ತಗೋರಿ ಅಮ್ಮಾರ" ಅಂತ ಆ ಸಿಸ್ಟರು ಬೈದ್ಲು.

ದವಾಖಾನಿಯವರು ಬಿಟ್ಟ ದಿನಾ ಅವರು ಅಲ್ಲಿಂದನ ಊರಿಗೆ ಹೋದ್ರು. ಎಮ್ಮಿ ಬಿಟ್ಟು ಭಾಳ ದಿನಾ ಆಗಿತ್ತು, ತಡೀ ಅನ್ನಾಕ ಬರತಿದ್ದಿಲ್ಲ. ನಮ್ಮ ಜೋಡಿ ಬಂದ ಬಿಡು ಅಂತ ಕಾಕು ಗಾಡ್ಯಾಗ ಕುಂತು ಕರದ್ಲು. ಹೊಸಾ ಹುಡಿಗ್ಯಾರಿಗೆ ಕಲಸೂದೈತಿ ಅಂದೆ. ಹುಡಿಗಿ ಕಾಲ ಮುಟ್ಟಾಕ ಬಗ್ಗಿದ್ಲು, ಈ ಸಲ ನಾ ತಡೀಲಿಲ್ಲ. ಆಕಿನ್ನ ಎತ್ತಿ ಎದಿಗೆ ಅವಚಿಕೊಂಡೆ. ಗಾಡಿ ರಸ್ತೆ ತಿರುವಿನ್ಯಾಗ ಹೋದ ಮ್ಯಾಲೂ ಅಲ್ಲೆ ನಿಂತಿದ್ದೆ.

ಮನಿಗೆ ಬಂದೆ. ಮುಂಚೇನೂ ಈ ಖೋಲಿ ಖಾಲಿನ ಇರತಿದ್ವು, ಆದ್ರ ಆಗ ಇಂಥವರು ಇಲ್ಲ ಅಂತ ಹೇಳಾಕ ಬರತಿದ್ದಿಲ್ಲ. ಈಗ ಮೆಟ್ಟಲ ಮ್ಯಾಲ ಆ ಮಗಾ ಇಲ್ಲ, ಒಲಿ ಮುಂದ ಕಾಕು ಇಲ್ಲ, ಕಿಡಕಿ ಹತ್ರ ಆ ಇಬ್ಬರ ನಗಿ ಇಲ್ಲ. ಅವರು ಬರೂಕಿಂತ ಮೊದಲ ಹೆಂಗ ತಡಕೊಂಡಿದ್ದೆ ಅನ್ನೂದ ತಿಳೀವಲ್ತಾತು. ದೀಪಾ ಹಚ್ಚೂ ಹೊತ್ತಾಗಿತ್ತು, ಹಂಗ ಕುಂತಿದ್ದೆ. ಫೋನ್ ಬಂತು, ಹುಡಿಗಿದು. ಮುಟ್ಟಿದ್ವಿ ಬಾಯಾರ, ಕೂಸು ಮಲಗೈತಿ ಅಂದ್ಲು. ಆಕಿ ಹಿಂದಿನಿಂದ ಕಾಕುನ ಧ್ವನಿ ಕೇಳಿಸ್ತು, "ಆಕಿ ಉಂಡಾಳೇನು ಕೇಳ."

"ಊಟ ಆತೇನ್ರಿ, ಕಾಕು ಕೇಳಾಕತ್ತಾಳ."

"ಹೂಂ, ಆತು ಅಂತ ಹೇಳ," ಅಂದೆ.

ಹುಡಿಗಿ ಹೇಳಿದ್ಲು. ಅಷ್ಟ ದೂರದಿಂದ ಕಾಕು ಒದರಿದ್ದು ನನಗ ಸ್ಪಷ್ಟ ಕೇಳಿಸ್ತು. "ಸುಳ್ಳ ಹೇಳಾಕತ್ತಾಳ. ಫೋನ್ ಇಡಬ್ಯಾಡ, ಆಕಿ ಎದ್ದು ಒಲಿ ಹಚ್ಚೂತನಾ ಹಿಡಕೊಂಡ ಇರು."